ಚಂದ್ರತಾಲ್‌ನ ಟೆಂಟ್‌ನಲ್ಲಿ ಹಾಸಿಗೆ ಬೆಚ್ಚಗಿದೆ, ಗಾಳಿ ಎಷ್ಟಿದೆ?

ಪಾಡ್‌ಕಾಸ್ಟ್‌ನ ಬರಹ ರೂಪ

 

ಈ ರೀಲ್ ನಿಮ್ಮ ಫೋನ್‌ಗೆ ಬಂದೇ ಬಂದಿರುತ್ತೆ. ಯಾರೋ ಟೆಂಟಿನ ಜಿಪ್ ಎಳೆಯುತ್ತಾರೆ. ಹೊರಗೆ ಬೋಳು ಬೆಟ್ಟ, ತುದಿಯಲ್ಲಿ ಹಿಮ. ಒಳಗೆ ಮಂಚ, ದಪ್ಪ ರಜಾಯಿ, ಪಕ್ಕದಲ್ಲಿ ಪುಟ್ಟ ದೀಪ, ಹಿಂದೆ ಅಟ್ಯಾಚ್ಡ್ ಟಾಯ್ಲೆಟ್. ಮುಂದಿನ ಶಾಟ್‌ನಲ್ಲಿ ನೀಲಿ ಸರೋವರ. ಕೆಳಗೆ ಹೆಸರು: ಚಂದ್ರತಾಲ್, ಸ್ಪಿತಿ. ಕಾಮೆಂಟ್‌ನಲ್ಲಿ ಹತ್ತು ಜನ ಗೆಳೆಯರನ್ನ ಟ್ಯಾಗ್ ಮಾಡಿ ‘ಮಗಾ, ಯಾವಾಗ?’ ಅಂತ ಕೇಳಿರ್ತಾರೆ.

ನಾನೂ ಹೀಗೆ ಟ್ಯಾಗ್ ಆದವನೇ. ಮೂರು ವರ್ಷದ ಹಿಂದೆ, ಸೆಪ್ಟೆಂಬರ್‌ನಲ್ಲಿ, ನಾನು ಮತ್ತು ನನ್ನ ಗೆಳೆಯ ಹೊರಟ್ವಿ. ಬೆನ್ನ ಮೇಲೆ ಮೂಟೆ ಹೊತ್ತು, ಸ್ಲೀಪಿಂಗ್ ಬ್ಯಾಗ್‌ನಲ್ಲಿ ನುಸುಳಿ ಮಲಗೋ ಚಾರಣ ನಮಗೆ ಬೇಡವಾಗಿತ್ತು. ಸ್ವಲ್ಪ ಜಾಸ್ತಿ ದುಡ್ಡಾದ್ರೂ ಪರವಾಗಿಲ್ಲ, ಆರಾಮಾಗಿರಬೇಕು ಅಂತ ಲೆಕ್ಕ ಹಾಕಿದ್ವಿ. ಗುರುವಾರ ರಾತ್ರಿ ಬೆಂಗಳೂರಿನಿಂದ ವಿಮಾನ, ಶುಕ್ರವಾರ ಸಂಜೆ ದೆಹಲಿಯಿಂದ ವೋಲ್ವೊ ಬಸ್ಸು, ಶನಿವಾರ ಬೆಳಗ್ಗೆ ಮನಾಲಿ. ಅಲ್ಲಿ ಪರಾಠ ತಿಂದು ಸೀದಾ ಟ್ಯಾಕ್ಸಿ ಹತ್ತಿ ಸಂಜೆಗೆ ಟೆಂಟ್ ಸೇರಿದ್ವಿ.

ರಾತ್ರಿ ಹನ್ನೊಂದಕ್ಕೆ ಗೆಳೆಯ ಎದ್ದು ಕೂತ. ‘ಲೋ, ತಲೆ ಸಿಡೀತಿದೆ ಕಣೋ’ ಅಂದ. ಎರಡು ಸಲ ವಾಂತಿ ಆಯ್ತು. ಶಿಬಿರದ ಹುಡುಗ ಪಾಪ ಬೆಳ್ಳುಳ್ಳಿ ಸೂಪ್ ಮಾಡಿ ತಂದ. ಆಮ್ಲಜನಕದ ಸಿಲಿಂಡರ್ ಇತ್ತು, ಆದ್ರೆ ಖಾಲಿ. ‘ಕೆಳಗೆ ಕರ್ಕೊಂಡು ಹೋಗಿ’ ಅಂದ್ರೆ ಡ್ರೈವರ್ ಭೈಯ್ಯಾ ತಲೆ ಅಲ್ಲಾಡಿಸಿದರು. ಆ ರಸ್ತೆಯಲ್ಲಿ, ಆ ಕತ್ತಲಲ್ಲಿ, ಹಳ್ಳ ದಾಟಿಸಿಕೊಂಡು ಗಾಡಿ ಓಡಿಸೋಕೆ ಆಗಲ್ಲ, ಬೆಳಕು ಹರಿಯಲಿ ಅಂದರು. ಅವರು ಹೇಳಿದ್ದು ಸರಿಯಾಗೇ ಇತ್ತು. ನಾನು ಐದು ಗಂಟೆವರೆಗೆ ಅವನ ಉಸಿರು ಎಣಿಸ್ತಾ ಕೂತಿದ್ದೆ. ರಜಾಯಿ ಮಾತ್ರ ನಿಜಕ್ಕೂ ತುಂಬಾ ಬೆಚ್ಚಗಿತ್ತು.

ಬೆಳಗ್ಗೆ ಹೊರಟು ಛತ್ರು ದಾಟೋ ಹೊತ್ತಿಗೆ ಅವನ ತಲೆನೋವು ಇಳೀತು. ಸುರಂಗದ ಹತ್ತಿರ ಬಂದಾಗ ‘ಎಲ್ಲಾದ್ರೂ ಮ್ಯಾಗಿ ಸಿಗುತ್ತಾ ನೋಡೋ’ ಅಂದ. ಅಲ್ಲಿಗೆ ನನಗೆ ಜೀವ ಬಂತು.

ಆ ರಾತ್ರಿ ಆಗಿದ್ದೇನು ಅನ್ನೋದನ್ನೇ ಇವತ್ತು ಬಿಡಿಸಿ ಹೇಳ್ತೀನಿ. ತಪ್ಪು ಟೆಂಟಿನದ್ದಲ್ಲ. ನಾವು ಕೊಂಡುಕೊಂಡ ಆರಾಮ ಯಾವುದಕ್ಕೆ ಸಾಲುತ್ತೆ, ಯಾವುದಕ್ಕೆ ಸಾಲಲ್ಲ ಅನ್ನೋದು ನಮಗೆ ಗೊತ್ತಿರಲಿಲ್ಲ.

ಮೊದಲು ಎತ್ತರದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಮನಾಲಿಯ ಬಸ್ ನಿಲ್ದಾಣದಲ್ಲಿ ಚಹಾ ಕುಡೀತಾ ನಿಂತಾಗಲೇ ನೀವು ಮುಳ್ಳಯ್ಯನಗಿರಿಯ ತುದಿಗಿಂತ ಮೇಲಿರ್ತೀರಿ, ಯಾಕಂದ್ರೆ ಮನಾಲಿ 2,050 ಮೀಟರ್. ಚಂದ್ರತಾಲ್ ಸುಮಾರು 4,250. ಅಂದ್ರೆ ಒಂದೇ ಹಗಲಲ್ಲಿ, ಕಾರಿನಲ್ಲಿ ಕೂತೇ, ಇನ್ನೊಂದು ಮುಳ್ಳಯ್ಯನಗಿರಿಗಿಂತ ಹೆಚ್ಚು ಏರಿಬಿಟ್ಟಿದ್ವಿ. ನಡೆದು ಹೋಗೋರಿಗೆ ಕಾಲೇ ಬ್ರೇಕ್ ಹಾಕುತ್ತೆ, ಸುಸ್ತಾಗಿ ನಿಲ್ಲುತ್ತಾರೆ. ಕಾರಿಗೆ ಸುಸ್ತಾಗಲ್ಲ. 2020ರ ಅಕ್ಟೋಬರ್‌ನಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಹತ್ತಿ ಇಳಿಯೋ ತಾಪತ್ರಯವೂ ತಪ್ಪಿತು. ದಾರಿ ಚುರುಕಾಯ್ತು, ನಮ್ಮ ಶ್ವಾಸಕೋಶ ಹಳೇ ವೇಗದಲ್ಲೇ ಇದೆ.

‘ಮೇಲೆ ಆಮ್ಲಜನಕ ಕಡಿಮೆ’ ಅಂತ ಎಲ್ಲರೂ ಹೇಳ್ತಾರೆ. ಸ್ವಲ್ಪ ಸರಿಯಾಗಿ ಹೇಳೋದಾದ್ರೆ, ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇ 21ರಷ್ಟೇ. ಕಡಿಮೆಯಾಗೋದು ಗಾಳಿಯ ಒತ್ತಡ. ಚಂದ್ರತಾಲ್‌ನಲ್ಲಿ ಒಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಹೆಚ್ಚುಕಮ್ಮಿ ಶೇ 60. ಒತ್ತಡ ಕಡಿಮೆ ಇರೋದಕ್ಕೇ ಅಲ್ಲಿ ನೀರು 86 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ. ಹಾಗಾಗಿ ಕುಕ್ಕರ್ ಇಲ್ಲದೆ ಅಲ್ಲಿ ಅನ್ನ, ಬೇಳೆ ಬೇಯಿಸೋದು ಕಷ್ಟ.

ದೇಹ ಸುಮ್ಮನಿರಲ್ಲ, ಜೋರಾಗಿ ಉಸಿರಾಡೋಕೆ ಶುರು ಮಾಡುತ್ತೆ. ಆಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತೆ. ಅದು ಕಡಿಮೆಯಾದ ಕೂಡಲೇ ಮೆದುಳು ‘ಸಾಕು, ನಿಧಾನ’ ಅನ್ನುತ್ತೆ. ಎಚ್ಚರ ಇದ್ದಾಗ ಈ ಜಗಳ ಹೇಗೋ ನಡೆದುಹೋಗುತ್ತೆ. ನಿದ್ದೆಯಲ್ಲಿ ಉಸಿರು ನಿಧಾನವಾಗಿ, ಕೆಲವೊಮ್ಮೆ ಕೆಲ ಸೆಕೆಂಡು ನಿಂತೇ ಹೋಗಿ, ಆಮೇಲೆ ದಡಕ್ಕನೆ ಎಚ್ಚರವಾಗುತ್ತೆ. ಹಗಲಲ್ಲಿ ಸರೋವರದ ಹತ್ತಿರ ಕುಣಿದಾಡಿದವರು ರಾತ್ರಿ ಒದ್ದಾಡೋದು ಇದರಿಂದ. ಮೂತ್ರಪಿಂಡಗಳು ಈ ಏರುಪೇರನ್ನ ಸರಿ ಮಾಡ್ತವೆ, ಆದ್ರೆ ಅದಕ್ಕೆ ದಿನಗಳು ಬೇಕು.

ಹಾಗಾಗಿ ಎತ್ತರದ ವೈದ್ಯರು ನೋಡೋದು ನೀವು ಹಗಲಲ್ಲಿ ಎಷ್ಟು ಎತ್ತರ ಮುಟ್ಟಿದ್ರಿ ಅನ್ನೋದಕ್ಕಿಂತ ರಾತ್ರಿ ಎಲ್ಲಿ ಮಲಗಿದ್ರಿ ಅನ್ನೋದನ್ನ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಏರದೆ ಅಲ್ಲೇ ಉಳೀಬೇಕು. ನಾವು ಒಂದೇ ಹಗಲಲ್ಲಿ 2,200 ಮೀಟರ್ ಏರಿ ಮಲಗಿದ್ವಿ.

ಬರೀ ತಲೆನೋವು, ಹೊಟ್ಟೆ ತೊಳಸೋದು, ಸುಸ್ತು ಇದ್ದರೆ ಇನ್ನೂ ಮೇಲೆ ಹೋಗದೆ ಅಲ್ಲೇ ನಿಲ್ಲಬೇಕು, ಜಾಸ್ತಿಯಾದರೆ ಇಳೀಬೇಕು. ಸುಮ್ಮನೆ ಕೂತಿದ್ದಾಗಲೂ ಏದುಸಿರು, ಕೆಮ್ಮು, ಗುಲಾಬಿ ಬಣ್ಣದ ನೊರೆ ಕಫ ಬಂದರೆ ಶ್ವಾಸಕೋಶಕ್ಕೆ ನೀರು ತುಂಬ್ತಿದೆ ಅಂತ ಅರ್ಥ. ಕುಡಿದವರ ಥರ ತೂರಾಡೋದು, ಅಸಂಬದ್ಧ ಮಾತು ಬಂದರೆ ಮೆದುಳು ಊದಿಕೊಳ್ತಿದೆ. ಒಂದು ಹೆಜ್ಜೆಯ ಹಿಮ್ಮಡಿಯನ್ನ ಇನ್ನೊಂದರ ಬೆರಳಿಗೆ ಮುಟ್ಟಿಸಿ ನೇರ ಗೆರೆಯಲ್ಲಿ ನಡೆಯೋಕೆ ಹೇಳಿ. ಆಗ್ತಿಲ್ಲ ಅಂದ್ರೆ ಬೆಳಗಿನವರೆಗೆ ನೋಡೋಣ ಅನ್ನೋ ಮಾತೇ ಇಲ್ಲ. ಈ ಎರಡೂ ಜೀವ ತೆಗೆಯುತ್ತವೆ. ಇರೋ ಮದ್ದು ಒಂದೇ, ಕೆಳಗಿಳಿಯೋದು. ಆಮ್ಲಜನಕ, ಔಷಧಿ ಎಲ್ಲ ಇಳಿಯೋವರೆಗಿನ ಆಸರೆ.

ಚಂದ್ರತಾಲ್‌ನಲ್ಲಿ ಎಡವಟ್ಟಾಗೋದು ಈ ಇಳಿಯೋ ವಿಷಯದಲ್ಲೇ. ಮ್ಯಾಪ್ ತೆಗೆದು ನೋಡಿ. ಆಸ್ಪತ್ರೆ ಇರೋ ಪಟ್ಟಣ ಕಾಜಾ, ಅದು ಸುಮಾರು 3,700 ಮೀಟರ್‌ನಲ್ಲಿದೆ. ಆದ್ರೆ ಅಲ್ಲಿಗೆ ಹೋಗಬೇಕಾದ್ರೆ ಮೊದಲು 4,550 ಮೀಟರ್‌ನ ಕುಂಜುಮ್ ಪಾಸ್ ಹತ್ತಬೇಕು. ಇಳಿಯೋಕೆ ಹೊರಟವರು ಹತ್ತಬೇಕು! ಇನ್ನೊಂದು ಕಡೆ ಮನಾಲಿ, ಬಾತಲ್‌ನಿಂದ ಗ್ರಾಂಫುವರೆಗೆ ಕಲ್ಲು ಮಣ್ಣಿನ ದಾರಿ, ಅಡ್ಡ ಹರಿಯೋ ಹಳ್ಳಗಳು. ಹತ್ತಿರದ ಬಾತಲ್‌ಗೆ ಇಳಿದರೂ ಇನ್ನೂ 4,000 ಮೀಟರ್ ಹತ್ತಿರವೇ ಇರ್ತೀರಿ. ಈ ಭಾಗದಲ್ಲಿ ಮೊಬೈಲ್ ನೆಟ್‌ವರ್ಕ್ ಇಲ್ಲ ಅಂತಲೇ ಇಟ್ಕೊಳ್ಳಿ.

ಹವಾಮಾನವೂ ನಮ್ಮ ಬುಕಿಂಗ್ ನೋಡಿ ಬರಲ್ಲ. 2023ರ ಜುಲೈನಲ್ಲಿ, ಪ್ರವಾಸದ ಸೀಸನ್ ನಡುವೆಯೇ, ಹಿಮ ಬಿದ್ದು ಚಂದ್ರತಾಲ್ ಶಿಬಿರಗಳಲ್ಲಿ ಸುಮಾರು 300 ಜನ ಹಲವು ದಿನ ಸಿಕ್ಕಿಹಾಕಿಕೊಂಡಿದ್ದರು. ಹುಷಾರಿಲ್ಲದ ಕೆಲವರನ್ನ ಹೆಲಿಕಾಪ್ಟರ್‌ನಲ್ಲಿ ಸಾಗಿಸಿದರು, ಉಳಿದವರನ್ನ ರಸ್ತೆಯ ಹಿಮ ತೆಗೆದು ಕರೆತರಬೇಕಾಯ್ತು. ಇನ್ನು 2024ರ ಜೂನ್‌ನ ಸುದ್ದಿ ನಮ್ಮವರಿಗೆ ಮರೆತಿರಲ್ಲ. ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಬೆಂಗಳೂರಿನಿಂದ ಹೋಗಿದ್ದ ತಂಡದ 9 ಮಂದಿ ಹಿಮಗಾಳಿಗೆ ಸಿಕ್ಕು ತೀರಿಕೊಂಡರು. ಅದು ಕಷ್ಟದ ಚಾರಣ, ಟೆಂಟ್ ರಜೆಯ ಜೊತೆ ಹೋಲಿಸೋದು ಸರಿಯಲ್ಲ. ಆದ್ರೆ ಎತ್ತರ ಮಾತ್ರ ಹೆಚ್ಚುಕಮ್ಮಿ ಒಂದೇ.

ಹಾಗಾದ್ರೆ ಹೋಗೋದೇ ಬೇಡ್ವಾ? ಖಂಡಿತ ಹೋಗಿ. ದಾರಿ ತಿರುಗಿಸಿ ಹೋಗಿ.

ಮನಾಲಿಯಿಂದ ಶುರು ಮಾಡೋ ಬದಲು ಶಿಮ್ಲಾದಿಂದ ಶುರು ಮಾಡಿ, ಚಂದ್ರತಾಲ್ ಕೊನೆಗಿರಲಿ. ಶಿಮ್ಲಾ ಸುಮಾರು 2,200 ಮೀಟರ್. ಮುಂದಿನ ರಾತ್ರಿ ಕಿನ್ನೌರ್‌ನ ಸಾಂಗ್ಲಾ ಅಥವಾ ಕಲ್ಪಾ, ಆಮೇಲೆ 3,280 ಮೀಟರ್‌ನ ತಾಬೋ. ಕ್ರಿ.ಶ. 996ರಲ್ಲಿ ಕಟ್ಟಿದ ಮಣ್ಣಿನ ಗೋಡೆಯ ಬೌದ್ಧ ವಿಹಾರ ಅಲ್ಲಿದೆ, ಒಳಗೆ ಹೋದರೆ ಕತ್ತಲಿಗೆ ಕಣ್ಣು ಹೊಂದಿಕೊಳ್ಳೋಕೆ ಎರಡು ನಿಮಿಷ ಬೇಕು, ಆಮೇಲೆ ಸುತ್ತಲೂ ಚಿತ್ರಗಳು ಒಂದೊಂದಾಗಿ ಕಾಣಿಸ್ತವೆ. ಅಲ್ಲಿಂದ ಕಾಜಾಗೆ ಬಂದು ಕನಿಷ್ಠ ಎರಡು, ಆದ್ರೆ ಮೂರು ರಾತ್ರಿ. ಹಗಲು 4,400 ಮೀಟರ್‌ನ ಲಾಂಗ್ಜಾ, ಅಂಚೆ ಕಚೇರಿಗೆ ಹೆಸರಾದ ಹಿಕ್ಕಿಂ ಹಳ್ಳಿಗಳಿಗೆ ಹೋಗಿ, ಒಂದು ಹಳ್ಳಿಯಿಂದ ಇನ್ನೊಂದಕ್ಕೆ ನಿಧಾನವಾಗಿ ನಡೆದು, ರಾತ್ರಿ ಕೆಳಗೆ ಬಂದು ಮಲಗಿ. ಮೇಲೆ ಹತ್ತು, ಕೆಳಗೆ ಮಲಗು. ಸಾಹಸವೂ ಆಯ್ತು, ದೇಹಕ್ಕೆ ಅಭ್ಯಾಸವೂ ಆಯ್ತು. ಲಾಂಗ್ಜಾದಲ್ಲಿ ಮಕ್ಕಳು ಶಂಖದಂಥ ಪಳೆಯುಳಿಕೆ ತಂದು ಮಾರೋಕೆ ನೋಡ್ತಾರೆ. ಹಿಮಾಲಯ ಏಳೋ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ಜೀವಿಗಳವು. ನೋಡಿ, ಮುಟ್ಟಿ, ಕೊಳ್ಳಬೇಡಿ.

ಇಷ್ಟಾದ ಮೇಲೆ ಕುಂಜುಮ್ ದಾಟಿ ಚಂದ್ರತಾಲ್‌ನಲ್ಲಿ ಒಂದು ರಾತ್ರಿ, ಮರುದಿನ ಮನಾಲಿ. ಮನಾಲಿ ಕಡೆಯ ರಸ್ತೆ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್ ನಡುವೆ ಮಾತ್ರ ತೆರೆದಿರುತ್ತೆ, ಅದೂ ಖಾತ್ರಿಯಿಲ್ಲ. ಒಂದು ದಿನ ಕೈಯಲ್ಲಿ ಜಾಸ್ತಿ ಇರಲಿ.

ಎಂಟು ಒಂಬತ್ತು ದಿನ ಆಯ್ತಲ್ಲ, ಮ್ಯಾನೇಜರ್ ರಜೆ ಕೊಡಲ್ಲ ಅಂತೀರಾ? ಆಗ ಚಂದ್ರತಾಲ್ ಬಿಡಿ. ನಾಲ್ಕೈದು ದಿನಕ್ಕೆ ತೀರ್ಥನ್ ಕಣಿವೆ ಇದೆ, 1,600 ಮೀಟರ್ ಆಸುಪಾಸು. ಪಕ್ಕದಲ್ಲೇ 2014ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ. ಸಾಂಗ್ಲಾದಲ್ಲಿ ಬಾಸ್ಪಾ ನದಿ ದಡದ ಟೆಂಟುಗಳಿವೆ, 2,700 ಮೀಟರ್‌ನೊಳಗೆ. ಅದೇ ಹಾಸಿಗೆ, ಅದೇ ರಜಾಯಿ, ರಾತ್ರಿ ನಿದ್ದೆ ಉಚಿತ.

ಶಿಬಿರಕ್ಕೆ ಫೋನ್ ಮಾಡಿದಾಗ ನಾವೆಲ್ಲ ಕೇಳೋದು ಬಿಸಿನೀರು ಇದ್ಯಾ, ವೈಫೈ ಇದ್ಯಾ ಅಂತ. ಬೇರೆ ಪ್ರಶ್ನೆ ಕೇಳಿ. ತುಂಬಿದ ಸಿಲಿಂಡರ್ ಮತ್ತು ಮಾಸ್ಕ್ ಇದ್ಯಾ? ರಾತ್ರಿಯೆಲ್ಲ ಒಂದು ಗಾಡಿ, ಡ್ರೈವರ್ ಅಲ್ಲೇ ಇರ್ತಾರಾ? ಟಾಯ್ಲೆಟ್‌ನ ನೀರು ಎಲ್ಲಿಗೆ ಹೋಗುತ್ತೆ? ಕೊನೆಯದು ವಿಚಿತ್ರ ಅನ್ನಿಸಬಹುದು. ಚಂದ್ರತಾಲ್ 2005ರಿಂದ ರಾಮ್ಸರ್ ಜೌಗುಪ್ರದೇಶ. ದಡದಲ್ಲಿ ಟೆಂಟ್ ಹಾಕುವಂತಿಲ್ಲ, ಶಿಬಿರಗಳು ಕೆಲವು ಕಿಲೋಮೀಟರ್ ಆಚೆ ಇವೆ. ಗಾಡಿ ನಿಲ್ಲಿಸಿ ಕೊನೆಯ ಸುಮಾರು ಒಂದು ಕಿಲೋಮೀಟರ್ ನಡೆದೇ ಹೋಗಬೇಕು. ಹಾಗಾಗಿ ‘ಲೇಕ್ ವ್ಯೂ ಟೆಂಟ್’ ಅಂತ ಜಾಹೀರಾತು ಕಂಡರೆ ಆ ಶಿಬಿರದ ಬೇರೆ ಮಾತುಗಳನ್ನೂ ಅನುಮಾನಿಸಿ. ಸ್ಪಿತಿ ಶೀತಮರುಭೂಮಿ, ಹಳ್ಳಿಯವರು ಹಿಮ ಕರಗಿ ಬರೋ ನೀರನ್ನ ಕಾಲುವೆಯಲ್ಲಿ ಹಂಚಿಕೊಂಡು ಬಟಾಣಿ, ಬಾರ್ಲಿ ಬೆಳೀತಾರೆ. ಅವರ ಮನೆಗಳಲ್ಲಿ ನೀರೇ ಬೇಡದ ಒಣ ಶೌಚಾಲಯ ಇರೋದು ಬಡತನಕ್ಕಲ್ಲ. ಆ ಮಲ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತೆ. ನಮ್ಮ ಫ್ಲಶ್ ಆ ಲೆಕ್ಕವನ್ನ ಕೆಡಿಸುತ್ತೆ.

ಇನ್ನು ಕೇಳುಗರು ಕಳಿಸಿದ ಕೆಲವು ಪ್ರಶ್ನೆ, ಬೇಗ ಬೇಗ ಹೇಳ್ತೀನಿ. ಕರ್ಪೂರ ಮೂಸಿದ್ರೆ ಸರಿಹೋಗುತ್ತಾ? ಮೂಗಿಗೆ ಹಾಯ್ ಅನ್ನಿಸುತ್ತೆ, ರಕ್ತಕ್ಕೆ ಆಮ್ಲಜನಕ ಬರಲ್ಲ. ಅಂಗಡಿಯಲ್ಲಿ ಸಿಗೋ ಆಮ್ಲಜನಕದ ಪುಟ್ಟ ಕ್ಯಾನ್? ಕೆಲವೇ ನಿಮಿಷಕ್ಕೆ ಖಾಲಿ. ಡಯಾಮಾಕ್ಸ್? ಕೆಲಸ ಮಾಡುತ್ತೆ, ಆದ್ರೆ ಸಲ್ಫಾ ಅಲರ್ಜಿ ಇರೋರಿಗೆ ತೊಂದರೆ ಆಗಬಹುದು, ಊರು ಬಿಡೋ ಮೊದಲು ವೈದ್ಯರನ್ನ ಕೇಳಿ. ಬೆರಳಿಗೆ ಹಾಕೋ ಆಕ್ಸಿಮೀಟರ್‌ನಲ್ಲಿ 90ಕ್ಕಿಂತ ಕಡಿಮೆ ತೋರಿಸಿದ್ರೆ? ಅಷ್ಟು ಎತ್ತರದಲ್ಲಿ ಅದು ಮಾಮೂಲು. ಸಂಖ್ಯೆಗಿಂತ ಮನುಷ್ಯನ ಮುಖ ನೋಡಿ. ಚಳಿಗೆ ಒಂದು ಪೆಗ್? ಮದ್ಯ, ನಿದ್ದೆ ಮಾತ್ರೆ ಎರಡೂ ಉಸಿರನ್ನ ಇನ್ನೂ ನಿಧಾನ ಮಾಡ್ತವೆ, ಮೊದಲ ರಾತ್ರಿಗಳಲ್ಲಿ ಬೇಡವೇ ಬೇಡ. ಟೆಂಟ್ ಒಳಗೆ ಇದ್ದಿಲ ಅಗ್ಗಿಷ್ಟಿಕೆ ಕೊಡ್ತೀವಿ ಅಂದ್ರೆ? ಕೈ ಮುಗಿದು ಹೊರಗಿಡಿ. ಮುಚ್ಚಿದ ಟೆಂಟ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ಅದಕ್ಕೆ ವಾಸನೆಯೂ ಇಲ್ಲ, ಎಚ್ಚರವೂ ಆಗಲ್ಲ. ಹಾಟ್ ವಾಟರ್ ಬ್ಯಾಗ್ ಕೇಳಿ, ಕಾಲ ಹತ್ತಿರ ಇಟ್ಕೊಳ್ಳಿ.

ನನ್ನ ಗೆಳೆಯ ಈ ಸೆಪ್ಟೆಂಬರ್‌ಗೆ ಮತ್ತೆ ಹೊರಟಿದ್ದಾನೆ. ಹತ್ತು ದಿನ ರಜೆ ಹಾಕಿದ್ದಾನೆ, ಶಿಮ್ಲಾದಿಂದ ಶುರು. ಸರೋವರ ಅವನು ಇನ್ನೂ ಸರಿಯಾಗಿ ನೋಡಿಲ್ಲ, ಹೋದ ಸಲ ಸಂಜೆ ಸೇರೋ ಹೊತ್ತಿಗೆ ಕತ್ತಲಾಗಿತ್ತು, ಬೆಳಗ್ಗೆ ಕಾರಿನ ಹಿಂದಿನ ಸೀಟಲ್ಲಿ ಕಣ್ಣು ಮುಚ್ಚಿ ಮಲಗಿದ್ದ. ನೀವು ಸ್ಪಿತಿಗೆ ಹೋಗಿ ಬಂದಿದ್ರೆ ಯಾವ ದಾರಿಯಲ್ಲಿ ಹೋದ್ರಿ, ಮೊದಲ ರಾತ್ರಿ ಹೇಗಿತ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ.