ಎರಡು ಕೋಷ್ಟಕಗಳ ಹೊಂದಾಣಿಕೆ

ಹಳೆಯ ಓಲೆಗರಿಗಳನ್ನು ಹೋಲಿಸಿ ನೋಡಿದವರಿಗೆ ಪಾಠಾಂತರದ ತೊಡಕು ತಿಳಿದೇ ಇದೆ. ಒಂದೇ ಗ್ರಂಥದ ಎರಡು ಪ್ರತಿಗಳು ಬೇರೆ ಬೇರೆ ಕೈಗಳಲ್ಲಿ ನಕಲಾಗುತ್ತ ಹೋದರೆ ಕಾಲಕ್ರಮದಲ್ಲಿ ಭಿನ್ನವಾಗುತ್ತವೆ. ಗಣಕಯಂತ್ರದ ದಾಖಲೆಗಳಿಗೂ ಈ ಗತಿ ತಪ್ಪಿದ್ದಲ್ಲ.

ಮಾಹಿತಿಯನ್ನು ಸಾಲುಗಳೂ ಕಂಬಗಳೂ ಉಳ್ಳ ಕೋಷ್ಟಕಗಳಾಗಿ ಇಡುವ ಕ್ರಮವನ್ನು ಇ. ಎಫ್. ಕಾಡ್ ಎಂಬ ವಿದ್ವಾಂಸರು ೧೯೭೦ರಲ್ಲಿ ಪ್ರತಿಪಾದಿಸಿದರು. ಇಂಥ ಕೋಷ್ಟಕಗಳ ಭಂಡಾರವೇ ರಿಲೇಷನಲ್ ಡೇಟಾಬೇಸು. ವಿದ್ಯಾರ್ಥಿಗಳ ದಾಖಲಾತಿ ಕೋಷ್ಟಕವು ಶಾಲೆಯಲ್ಲೊಂದು, ಮೇಲಿನ ಕಚೇರಿಯಲ್ಲೊಂದು ಇದೆಯೆನ್ನಿ. ಹುಡುಗನ ಜನ್ಮದಿನಾಂಕವನ್ನು ಇಲ್ಲಿ ತಿದ್ದಿ ಅಲ್ಲಿ ತಿದ್ದದಿದ್ದರೆ, ಅಂಕಪಟ್ಟಿಯಲ್ಲಿ ಹಳೆಯ ತಪ್ಪೇ ಅಚ್ಚಾದೀತು. ಆಮೇಲೆ ಅಲೆಯುವವನು ಆ ಹುಡುಗ.

ಇದಕ್ಕೆ ಉಪಾಯವೇನು? ಪ್ರತಿರಾತ್ರಿ ಇಡೀ ಕೋಷ್ಟಕವನ್ನು ನಕಲಿಸುವುದು ಸುಲಭವಾದ ದಾರಿ. ನೂರಾರು ಸಾಲುಗಳಿಗೆ ಇದು ಸಾಕು. ಲಕ್ಷಗಟ್ಟಲೆ ಸಾಲುಗಳಿದ್ದರೆ ಹೊರೆ. ಸಾಲುಸಾಲಿಗೂ ತಿದ್ದಿದ ವೇಳೆಯನ್ನು ಬರೆದಿಟ್ಟು, ಹೊಸದಾಗಿ ತಿದ್ದಿದವನ್ನು ಮಾತ್ರ ಕಳುಹಿಸುವುದು ಎರಡನೆಯದು. ಇಲ್ಲೊಂದು ಮೋಸವುಂಟು: ಅಳಿಸಿದ ಸಾಲು ತಾನು ಅಳಿದೆನೆಂದು ಹೇಳಲಾರದು. ಇಲ್ಲಿ ಅಳಿಸಿದ ಹೆಸರು ಅಲ್ಲಿ ಉಳಿದೇ ಇರುತ್ತದೆ. ಆದ್ದರಿಂದ ಅಳಿಸುವ ಬದಲು ‘ರದ್ದಾಗಿದೆ’ ಎಂದು ಗುರುತು ಹಾಕುವುದು ಲೇಸು.

ಮೂರನೆಯ ದಾರಿ ಇನ್ನೂ ಭದ್ರವಾದುದು. ವರ್ತಕನು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುವಂತೆ, ಡೇಟಾಬೇಸು ಕೂಡ ಪ್ರತಿಯೊಂದು ಬದಲಾವಣೆಯನ್ನೂ ಲಾಗ್ ಎಂಬ ದಿನವಹಿಯಲ್ಲಿ ಬರೆಯುತ್ತದೆ. ಆ ದಿನವಹಿಯನ್ನೇ ಎರಡನೆಯ ಭಂಡಾರಕ್ಕೆ ಓದಿಸಿದರೆ, ಸೇರಿಸಿದ್ದು, ತಿದ್ದಿದ್ದು, ಅಳಿಸಿದ್ದು ಎಲ್ಲವೂ ನಡೆದ ಕ್ರಮದಲ್ಲೇ ಅಲ್ಲಿಯೂ ನಡೆಯುತ್ತವೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸು ೨೦೧೭ರಲ್ಲಿ ಹೊರಬಂದ ತನ್ನ ಹತ್ತನೆಯ ಆವೃತ್ತಿಯಿಂದ, ಬೇಕಾದ ಕೋಷ್ಟಕಗಳನ್ನಷ್ಟೇ ಆರಿಸಿ ಹೀಗೆ ಕಳುಹಿಸುವ ಅನುಕೂಲವನ್ನು ತನ್ನಲ್ಲೇ ಒಳಗೊಂಡಿದೆ. ಆದರೆ ಪ್ರತಿ ಸಾಲಿಗೂ ದಾಖಲಾತಿ ಸಂಖ್ಯೆಯಂತಹ ಒಂಟಿ ಗುರುತು ಇರಬೇಕು. ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಹೆಸರನ್ನು ನಂಬಿ ತಿದ್ದಲಾದೀತೆ?

ಎರಡೂ ಕಡೆಯವರು ಅದೇ ಸಾಲನ್ನು ತಿದ್ದಿದಾಗಲೇ ನಿಜವಾದ ಬಿಕ್ಕಟ್ಟು. ‘ಕೊನೆಯ ತಿದ್ದುಪಡಿಯೇ ಸರಿ’ ಎಂದು ಯಂತ್ರಕ್ಕೆ ಹೇಳಬಹುದು. ಆದರೆ ಎರಡು ಯಂತ್ರಗಳ ಗಡಿಯಾರಗಳಲ್ಲಿ ಅಂತರವಿದ್ದರೆ, ಮೊದಲು ಮಾಡಿದ ತಿದ್ದುಪಡಿಯೇ ಕೊನೆಯದೆನಿಸಿ, ಸರಿಯಾದುದು ಸದ್ದಿಲ್ಲದೆ ಅಳಿದುಹೋದೀತು. ಆದಕಾರಣ, ಜನ್ಮದಿನಾಂಕವನ್ನು ತಿದ್ದುವ ಅಧಿಕಾರ ಶಾಲೆಯದು, ಪರೀಕ್ಷಾ ಸಂಖ್ಯೆಯದು ಕಚೇರಿಯದು ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಆಗಾಗ ಎರಡನ್ನೂ ಎದುರುಬದುರಿಟ್ಟು ತಾಳೆನೋಡುವುದನ್ನೂ ಬಿಡಬಾರದು.

ನಕಲಿನ ಶ್ರಮವನ್ನು ಯಂತ್ರ ಹೊರುತ್ತದೆ. ಯಾವುದು ಮೂಲಪಾಠವೆಂದು ನಿರ್ಣಯಿಸುವ ಹೊಣೆ ಮಾತ್ರ, ಓಲೆಗರಿಯ ಕಾಲದಲ್ಲಿದ್ದಂತೆ, ನಮ್ಮ ಮೇಲೆಯೇ ಇದೆ.