ಲಾಭ, ಎರಡು, ಮೂರು...

ಅಂಗಳದ ಬೇವಿನ ಟೊಂಗೆಗೆ ಒಂದು ಬಲ್ಬು ಕಟ್ಟಿದ್ದಾರೆ. ಅದು ಮನೆಯ ಬೆಳಕಿಗಲ್ಲ, ಪಂಪಿನ ಲೈನಿಗೆ ಜೋಡಿಸಿದ್ದು. ತ್ರೀಫೇಸ್ ಕರೆಂಟು ಬಂದರೆ ಮಾತ್ರ ಹತ್ತುತ್ತದೆ. ಈ ವಾರ ರಾತ್ರಿ ಪಾಳಿ. ಹೊರಸಿನ ಮೇಲೆ ಮಲಗುವ ಕಾಕಾ ನಿದ್ದೆಯಲ್ಲೂ ಮುಖವನ್ನು ಆ ಗಿಡದ ಕಡೆಗೇ ಮಾಡಿರುತ್ತಾನೆ. ಎರಡೂವರೆಗೆ ಬಲ್ಬು ಹತ್ತಿತು. ಯಾರೂ ಎಬ್ಬಿಸಲಿಲ್ಲ, ಮೊಬೈಲು ಕೂಗಲಿಲ್ಲ. ಎದ್ದು ಕುಳಿತವನು ತಲೆಗೆ ಟವೆಲ್ ಸುತ್ತಿ, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಸಲಿಕೆ ಹಿಡಿದು ನಿಂಬೆ ತೋಟದ ಕತ್ತಲೊಳಗೆ ಇಳಿದ. ಹಾವು ಇದ್ದರೆ ಸರಿದುಹೋಗಲಿ ಎಂದು ಹೆಜ್ಜೆಗೊಮ್ಮೆ ಸಲಿಕೆಯನ್ನು ನೆಲಕ್ಕೆ ಕುಟ್ಟುತ್ತಾನೆ.

ನಾನೂ ಹಿಂದೆ ಹೋದೆ. ಒಂದು ಗಿಡದ ಪಾತಿ ತುಂಬಿದ ಮೇಲೆ ಮಣ್ಣು ಸರಿಸಿ ನೀರನ್ನು ಮುಂದಿನ ಪಾತಿಗೆ ತಿರುಗಿಸಬೇಕು. ಒಣಗಿದ ನೆಲಕ್ಕೆ ಮೊದಲ ನೀರು ತಾಗಿದಾಗ ಬಿರುಕುಗಳಿಂದ ಗುಳುಗುಳು ಸದ್ದು ಏಳುತ್ತದೆ, ಹಸಿದ ಕರು ಮೊಲೆ ಚೀಪಿದ ಹಾಗೆ. ಆ ಸದ್ದು ನಿಂತಿತೆಂದರೆ ನೆಲದ ಹೊಟ್ಟೆ ತುಂಬಿತೆಂದು ಲೆಕ್ಕ. ಕಾಕಾ ಬ್ಯಾಟರಿ ಹಚ್ಚುವುದೇ ಕಡಿಮೆ. ಕಿವಿಯಿಂದಲೇ ನೀರು ಹಾಯಿಸುತ್ತಾನೆ.

ಚಡಚಣದ ಸುತ್ತ ಹೊಲದಲ್ಲಿ ಮನೆ ಕಟ್ಟಿಕೊಂಡು ಇರುವುದಕ್ಕೆ ‘ವಸ್ತಿ’ ಎನ್ನುತ್ತಾರೆ. ಊರಿನ ಓಣಿಯ ಮನೆ ತಮ್ಮಂದಿರ ಪಾಲಿಗೆ ಹೋಗಿರುತ್ತದೆ, ಇಲ್ಲವೇ ಬಾವಿ ತೋಡಿದ ಮೇಲೆ ನೀರಿನ ಬಳಿಯೇ ಇರಬೇಕಾಗಿ ಬಂದಿರುತ್ತದೆ. ಮೊದಲು ಪತ್ರಾಸಿನ ಒಂದು ಶೆಡ್ಡು, ದನಕ್ಕೊಂದು ಕೊಟ್ಟಿಗೆ. ಆಮೇಲೆ ಕಲ್ಲಿನ ಗೋಡೆ, ತುಳಸಿಕಟ್ಟೆ. ಮನೆತನದ ಹೆಸರೇ ವಸ್ತಿಯ ಹೆಸರಾಗುತ್ತದೆ. ನಾಲ್ಕು ವಸ್ತಿ ಕೂಡಿದ ಕಡೆ ಒಂದು ಸರಕಾರಿ ಶಾಲೆಯೂ ಬರುತ್ತದೆ, ಅದರ ಬೋರ್ಡಿನ ಮೇಲೂ ವಸ್ತಿಯ ಹೆಸರೇ. ಇಂಡಿಯಿಂದ ಬೇರ್ಪಟ್ಟ ಚಡಚಣ ಈಗ ತಾಲ್ಲೂಕು ಕೇಂದ್ರ. ಆಚೆ ಭೀಮೆ, ಅದರಾಚೆ ಸೊಲ್ಲಾಪುರ ಜಿಲ್ಲೆ. ಇಲ್ಲಿಯ ಬಾಯಲ್ಲಿ ಕನ್ನಡದ ನಡುವೆ ಮರಾಠಿ ಮಾತು ಉಪ್ಪಿನ ಹಾಗೆ ಕರಗಿಕೊಂಡಿರುತ್ತದೆ.

ಬೆಳಗಿನ ಮೊದಲ ಕೆಲಸ ನಿಂಬೆ ಆರಿಸುವುದು. ರಾತ್ರಿ ಪಕ್ವವಾದ ಹಣ್ಣು ತಾನಾಗಿ ಉದುರಿ ಗಿಡದ ಬುಡದಲ್ಲಿ ಹಳದಿ ಚುಕ್ಕೆ ಇಟ್ಟಂತೆ ಬಿದ್ದಿರುತ್ತದೆ. ಬಿಸಿಲು ಏರುವ ಮುನ್ನ ಎತ್ತದಿದ್ದರೆ ತೊಗಟೆ ಮೆತ್ತಗಾಗಿ ದರ ಇಳಿಯುತ್ತದೆ. ವೈನಿ ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಟ್ಟು, ಸೆರಗನ್ನು ತಲೆಗೆ ಬಿಗಿದು ಗಿಡದ ಕೆಳಗೆ ಬಗ್ಗಿ ಹೋಗುತ್ತಾಳೆ. ನಿಂಬೆಯ ಮುಳ್ಳು ಎಲೆಯ ಮರೆಯಲ್ಲಿರುತ್ತದೆ, ಬೆನ್ನು ಒಂದು ಗೇಣು ಮೇಲೆದ್ದರೆ ಚುಚ್ಚುತ್ತದೆ. ಅವಳ ಮುಂಗೈ ಮೇಲಿನ ಗೀರುಗಳಲ್ಲಿ ಹಳೆಯವು ಬೆಳ್ಳಗಿವೆ, ಹೊಸವು ಕೆಂಪಗಿವೆ.

ಆರಿಸಿದ್ದನ್ನು ಅಂಗಳದ ತಟ್ಟಿನ ಮೇಲೆ ಸುರುವಿ ವಿಂಗಡಿಸುತ್ತಾರೆ. ದಪ್ಪ, ನಡುವು, ಸಣ್ಣದು, ಕಲೆ ಬಿದ್ದದ್ದು. ಆಮೇಲೆ ಎಣಿಕೆ. ಸಾವಿರ ಹಣ್ಣು ತುಂಬಿದ ಚೀಲಕ್ಕೆ ‘ಡಾಗು’ ಎನ್ನುತ್ತಾರೆ, ಸವಾಲು ಕೂಗುವುದು ಡಾಗಿನ ಮೇಲೆಯೇ. ವೈನಿಯ ಕೈಗೆ ಒಮ್ಮೆಗೆ ಐದು ಹಣ್ಣು ಬರುತ್ತವೆ, ನಾಲ್ಕೂ ಅಲ್ಲ, ಆರೂ ಅಲ್ಲ. ಐದನ್ನು ಚೀಲಕ್ಕೆ ಹಾಕುವಾಗ ‘ಲಾಭ’ ಎಂದು ಶುರು ಮಾಡುತ್ತಾಳೆ, ‘ಒಂದು’ ಎನ್ನುವುದಿಲ್ಲ. ಲಾಭ, ಎರಡು, ಮೂರು... ಇನ್ನೂರು ಕೈ ತುಂಬಿದರೆ ಡಾಗು. ನಡುವೆ ಮಾತನಾಡಿಸಿದರೆ ಉತ್ತರ ಬರುವುದಿಲ್ಲ. ಶಾಲೆಗೆ ಹೊರಟ ಮಗಳು, “ಯವ್ವಾ, ನನ್ನ ಪೆನ್ನ ಎಲ್ಲಿ?” ಎಂದು ಮೂರು ಸಲ ಕೇಳಿ ಕೊನೆಗೆ ತಾನೇ ಹುಡುಕಿಕೊಂಡಳು.

ಇಂಡಿ ನಿಂಬೆಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ತೆಳು ಸಿಪ್ಪೆ, ತುಂಬು ರಸ, ಮೂಗಿಗೆ ಅಡರುವ ವಾಸನೆ. ಆ ಮಾನ್ಯತೆ ಬರುವ ಎಷ್ಟೋ ಮೊದಲೇ ಈ ಹಣ್ಣು ದೂರದ ಪೇಟೆಗಳಲ್ಲಿ ತನ್ನ ಹೆಸರು ಹೇಳಿಕೊಂಡಿತ್ತು. ದರ ಸಿಗುವುದು ಬೇಸಿಗೆಯಲ್ಲಿ. ಬೇಸಿಗೆಗೆ ಹಣ್ಣು ಬೇಕಾದರೆ ಮಳೆಗಾಲದ ಕೊನೆಗೆ ಗಿಡಕ್ಕೆ ನೀರು ಬಂದ್ ಮಾಡಿ, ಎಲೆ ಮುರುಟುವ ತನಕ ಬಾಯಾರಿಸಿ, ಆಮೇಲೆ ಗೊಬ್ಬರ ಕೊಟ್ಟು ನೀರು ಹಾಯಿಸಿ ಹೂ ಬರಿಸಬೇಕು. ಹಸ್ತ ಬಹಾರ ಎನ್ನುವುದು ಇದನ್ನೇ. ನೀರು ಬಂದ್ ಮಾಡಿದ ದಿನಗಳಲ್ಲಿ ಒಂದು ಅಕಾಲದ ಮಳೆ ಬಿದ್ದರೂ ಲೆಕ್ಕ ತಪ್ಪುತ್ತದೆ. ಹಾಗಾಗಿ ಅದೇ ಮನೆಯಲ್ಲಿ, ಅದೇ ಹಸ್ತದ ದಿನಗಳಲ್ಲಿ, ಜೋಳದ ಹೊಲಕ್ಕೆ ಮಳೆ ಬೇಡುವವರೂ ನಿಂಬೆ ತೋಟಕ್ಕೆ ಮಳೆ ಬೇಡವೆನ್ನುವವರೂ ಒಬ್ಬರೇ. ಜೋಳ ಮಳೆಯ ನಕ್ಷತ್ರ ನೋಡಿ ಬದುಕುತ್ತದೆ, ನಿಂಬೆ ಕರೆಂಟಿನ ಪಾಳಿ ನೋಡಿ ಬದುಕುತ್ತದೆ. ವಸ್ತಿಯ ಮಂದಿ ಎರಡನ್ನೂ ನೋಡಿಕೊಂಡು ಬದುಕಬೇಕು.

ಕೊಟ್ಟಿಗೆಯಲ್ಲಿ ಎರಡು ಪಂಢರಪುರಿ ಎಮ್ಮೆ. ಭುಜ ದಾಟಿ ಹಿಂದಕ್ಕೆ ಚಾಚಿದ ಕತ್ತಿಯಂಥ ಕೋಡು ಇವುಗಳ ಗುರುತು. ಕೋಡು ಗೋದಲಿಗೆ ಸಿಕ್ಕದಂತೆ ಒಂದೊಂದಕ್ಕೆ ಎರಡು ಎಮ್ಮೆಯ ಜಾಗ ಬಿಡಬೇಕು. ಆಯಿ ಬಂದು ಬೆನ್ನ ಮೇಲೆ ಕೈಯಿಟ್ಟ ಹೊರತು ಹಾಲು ಇಳಿಸುವುದಿಲ್ಲ. ಸೊಸೆ ಹಿಂಡಿದರೆ ಅರ್ಧಕ್ಕೇ ಏರಿಸಿಕೊಂಡು ನಿಲ್ಲುತ್ತವೆ. ಸಗಣಿ ತಿಪ್ಪೆಗೆ ಹೋಗಬೇಕು, ಉಳಿದದ್ದು ಕುಳ್ಳಾಗಬೇಕು, ಕರುವಿಗೆ ಕಣಿಕೆ ಹಾಕಬೇಕು. ಈ ಹೊತ್ತಿನಲ್ಲಿ ಯಾರೂ ಯಾರಿಗೂ ಕೆಲಸ ಹೇಳುವುದಿಲ್ಲ. ಕೈಗಳಿಗೇ ಗೊತ್ತು.

ಒಲೆಗೆ ತೊಗರಿ ಕಟ್ಟಿಗೆ. ಪರಾತದಲ್ಲಿ ಬಿಳಿಜೋಳದ ಹಿಟ್ಟು, ನಡುವೆ ಗುಂಡಿ, ಗುಂಡಿಗೆ ಕುದಿಯುವ ಎಸರು. ಆಯಿ ಬರಿಗೈಯಲ್ಲೇ ನಾದುತ್ತಾಳೆ. ಹಿಟ್ಟು ಒಂದಕ್ಕೊಂದು ಅಂಟಿ ಮೆತ್ತಗಾಗುವ ತನಕ ಅಂಗೈಯ ಹಿಮ್ಮಡಿಯಿಂದ ಒತ್ತಿ ಒತ್ತಿ ಎಳೆಯಬೇಕು. ಆಮೇಲೆ ಒಣಹಿಟ್ಟಿನ ಮೇಲೆ ಉಂಡೆ ಇಟ್ಟು ಬಡಿತ. ಬಲಗೈ ಬಡಿಯುತ್ತದೆ, ಎಡಗೈ ಅಂಚು ಕಾಯುತ್ತದೆ, ರೊಟ್ಟಿ ತಾನೇ ತಿರುಗುತ್ತದೆ. ಹಂಚಿಗೆ ಹಾಕಿ ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಿ, ನೀರು ಆರುವ ಗಳಿಗೆಗೆ ಮಗುಚಿ, ಕೊನೆಗೆ ಕೆಂಡದ ಬದಿಗೆ ಆನಿಸಿ ನಿಲ್ಲಿಸಿದರೆ ಉಬ್ಬುತ್ತದೆ. ಶೇಂಗಾ ಹಿಂಡಿ, ಮೊಸರು, ಒಂದು ಹಸಿ ಉಳ್ಳಾಗಡ್ಡಿ. ಇದನ್ನು ಬಡವರ ಊಟ ಎಂದು ಬರೆದವರು ಒಲೆಯ ಮುಂದೆ ಕುಳಿತು ಉಂಡಿರಲಿಕ್ಕಿಲ್ಲ.

ಮೂಲೆಯಲ್ಲಿ ಬೀಸುಕಲ್ಲು ಇನ್ನೂ ಇದೆ, ಮೇಲೆ ಉಪ್ಪಿನಕಾಯಿ ಭರಣಿ ಕೂಡಿಸಿದ್ದಾರೆ. ಹಿಟ್ಟು ಗಿರಣಿಯಿಂದ ಬರುತ್ತದೆ. ಈ ಕಲ್ಲಿನ ಮುಂದೆ ನಸುಕಿನಲ್ಲಿ ಹೆಣ್ಣುಮಕ್ಕಳು ಹಾಡಿದ್ದನ್ನು ಕೇಳಿ ಬರೆದಿಟ್ಟವರು ಇದೇ ತಾಲ್ಲೂಕಿನ ಹಲಸಂಗಿಯ ಗೆಳೆಯರು. ಮಧುರಚೆನ್ನರು ಹಲಸಂಗಿಯವರು, ಸಿಂಪಿ ಲಿಂಗಣ್ಣನವರು ಚಡಚಣದವರೇ. ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಆ ಪುಸ್ತಕ ಈ ವಸ್ತಿಯಲ್ಲಿಲ್ಲ. ಆದರೆ ರೊಟ್ಟಿ ಬಡಿಯುವಾಗ ಆಯಿಯ ತುಟಿ ಏನನ್ನೋ ಗುನುಗುತ್ತದೆ. “ಏನ ಹಾಡಾಕತ್ತಿ ಆಯಿ?” ಎಂದರೆ, “ಏನೂ ಇಲ್ಲೋ ತಮ್ಮಾ, ಕೈ ಆಡಬೇಕಲ್ಲ, ಅದಕ್ಕ” ಎನ್ನುತ್ತಾಳೆ. ಕಲ್ಲು ನಿಂತ ಮೇಲೂ ಆ ಲಯಕ್ಕೆ ಅವಳ ಮೈಯಲ್ಲಿ ಜಾಗ ಉಳಿದಿದೆ ಎಂಬುದು ನನಗೆ ದೊಡ್ಡ ಸಮಾಧಾನ.

ತೋಟದ ಗಡಿ ದಾಟಿದರೆ ಎರಿ ಹೊಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು, ಅದೂ ನಂಬುವಂತಿಲ್ಲ. ಮುಂಗಾರಿಗೆ ಸ್ವಲ್ಪ ಜಾಗದಲ್ಲಿ ತೊಗರಿ, ಸಜ್ಜೆ. ಉಳಿದ ಹೊಲವನ್ನು ಬರಿದೇ ಬಿಟ್ಟು, ಮಳೆ ಬಿದ್ದು ಆರಿದಾಗೊಮ್ಮೆ ಕುಂಟೆ ಹೊಡೆದು ಹರಗುತ್ತಾರೆ. ನೋಡಿದವರಿಗೆ ಬೀಳು ಬಿದ್ದ ಹೊಲದಂತೆ ಕಾಣುತ್ತದೆ. ಒಳಗೆ ಹಸಿ ಕೂಡುತ್ತಿರುತ್ತದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಉತ್ತರಿ, ಹಸ್ತದ ಹದ ಸಿಕ್ಕರೆ ಕೂರಿಗೆ ಇಳಿಯುತ್ತದೆ. ಬೀಜ ಮಾಲದಂಡಿ. ಆ ನಾಡತಳಿಯಿಂದ ಆಯ್ದ ಎಂ 35–1 ಹುಟ್ಟಿದ್ದು ಭೀಮೆಯಾಚೆ, ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ. ಹೆಸರಿನ ‘ಎಂ’ ಮಾಲದಂಡಿಯದೇ. ದಂಡೆಗುಂಟ ಕುಸುಬೆಯ ಅಕ್ಕಡಿ ಸಾಲು ಹಾಕುತ್ತಾರೆ, ಬಲಿತ ಮೇಲೆ ಅದರ ಮುಳ್ಳು ದನವನ್ನು ಒಳಗೆ ಬಿಡುವುದಿಲ್ಲ. ಆಮೇಲೆ ಮಳೆ ಬರದಿದ್ದರೂ ಜೋಳ ಚಳಿಗೆ, ಇಬ್ಬನಿಗೆ, ನೆಲದೊಳಗಿನ ಆ ಹಳೇ ಹಸಿಗೆ ಬೆಳೆಯುತ್ತದೆ.

ಎಳ್ಳಮಾವಾಸ್ಯೆಯ ಹೊತ್ತಿಗೆ ಹೊಲಕ್ಕೆ ತುಂಬಿದ ಬಸಿರು. ಅವತ್ತು ಊರಿನ ಮನೆಗಳೆಲ್ಲ ಹೊಲಕ್ಕೆ ಬರುತ್ತವೆ, ಬುಟ್ಟಿ ಹೊತ್ತು, ಗಾಡಿ ಕಟ್ಟಿ, ಈಗೀಗ ಟಂಟಂ ಏರಿ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಬಳಿದು ಪಾಂಡವರೆಂದು ಪೂಜಿಸುತ್ತಾರೆ. ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಬದನೆಕಾಯಿ ಎಣಗಾಯಿ, ಪುಂಡಿಪಲ್ಯ, ಎಲ್ಲದರಲ್ಲಿ ಒಂದಿಷ್ಟು ಕಲಸಿ ಚರಗ ಮಾಡಿ ಹೊಲದ ಸುತ್ತ ಚೆಲ್ಲುತ್ತಾರೆ. ಮುಂದೆ ಮುತ್ಯಾ ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಚರಗ ಬೀರುತ್ತಾನೆ, ಹಿಂದೆ ಮೊಮ್ಮಗಳು ಚೆಂಬಿನಿಂದ ನೀರು ಚಿಮುಕಿಸುತ್ತಾಳೆ. ವಸ್ತಿಯವರಿಗೆ ಅವತ್ತು ವಿಶೇಷ ಮಾನ. ವರ್ಷವಿಡೀ “ಅಡವ್ಯಾಗ ಹೆಂಗ ಇರತೀರೋ” ಎಂದು ಮರುಗುವ ಊರಿನ ಬೀಗರು ಅವತ್ತು ಇವರ ಬೇವಿನ ನೆರಳಿಗೇ ಎಲೆ ಹಾಕಿಕೊಳ್ಳುತ್ತಾರೆ.

ಜನವರಿಗೆ ಸೀತನಿ. ಹಾಲುಗಾಳಿನ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿದ್ದಾಗಲೇ ತಿಕ್ಕಿ ಕಾಳು ಉದುರಿಸಿ, ಬೆಲ್ಲ ಕೂಡಿಸಿ ತಿನ್ನಬೇಕು.

ಫೆಬ್ರುವರಿ ಕಳೆದಂತೆ ಜೋಳ ಕೀಳುವುದು. ಇಲ್ಲಿ ಜೋಳವನ್ನು ಕುಡುಗೋಲಿನಿಂದ ಕೊಯ್ಯುವುದಕ್ಕಿಂತ ಬೇರುಸಹಿತ ಕೀಳುವುದೇ ಹೆಚ್ಚು. ಒಣಗಿದ ಎರಿ ನೆಲ ಬಾಯಿಬಿಟ್ಟಿರುತ್ತದೆ, ಬುಡ ಹಿಡಿದು ಬಗ್ಗಿಸಿ ಜಗ್ಗಿದರೆ ಬರುತ್ತದೆ, ದಂಟು ಒಂದು ಬೆರಳೂ ವ್ಯರ್ಥವಾಗುವುದಿಲ್ಲ. ಬೆಳಗಿನ ತಂಪಿನಲ್ಲಿ ನಾನೂ ಹಿಡಿದೆ. ಹತ್ತು ಬುಡಕ್ಕೆ ಅಂಗೈ ಕೆಂಪಾಯಿತು, ಐವತ್ತಕ್ಕೆ ಬೊಬ್ಬೆ ಎದ್ದಿತು. ಕಾಕಾ ತನ್ನ ಅಂಗೈಗೆ ಸುತ್ತಿದ ಅರಿವೆ ಬಿಚ್ಚಿ ನನಗೆ ಕೊಟ್ಟ. “ಕೈಲೆ ಜಗ್ಗಬ್ಯಾಡ, ಸೊಂಟದಲೆ ಜಗ್ಗು.” ಆಮೇಲೆ ಸ್ವಲ್ಪ ಸಾಗಿತು. ತೆನೆ ಮುರಿದ ಮೇಲೆ ಉಳಿಯುವ ಕಣಿಕೆ ಬಣವೆಯಾಗುತ್ತದೆ. ಬರಗಾಲದಲ್ಲಿ ಬಣವೆ ಇದ್ದವನ ಮನೆಗೆ ಹೆಣ್ಣು ಕೊಡುತ್ತಿದ್ದರು ಎಂದು ಮುತ್ಯಾ ಹೇಳುವಾಗ ಆಯಿ ಮುಖ ಆಚೆ ತಿರುಗಿಸುತ್ತಾಳೆ.

ಎಲ್ಲ ವರ್ಷವೂ ಹೀಗಿರುವುದಿಲ್ಲ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಮಳೆಗೆ ಭೀಮೆ ಉಕ್ಕಿ ನದಿದಂಡೆಯ ಹೊಲ, ವಸ್ತಿಗಳೊಳಗೆ ನುಗ್ಗಿತು. 2023ರಲ್ಲಿ ಮಳೆಯೇ ಕೈಕೊಟ್ಟಿತು, ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಮುಂದಿನ ಬೇಸಿಗೆಗೆ ಬೋರು ಬತ್ತಿ, ನಿಂಬೆ ಗಿಡಗಳಿಗೆ ಟ್ಯಾಂಕರಿನಲ್ಲಿ ನೀರು ತಂದು ಹಾಕಿದರು. ದರ ಇತ್ತು, ಹಣ್ಣಿರಲಿಲ್ಲ. ಈ ತೋಟದಲ್ಲಿ ಹನ್ನೊಂದು ಗಿಡ ಒಣಗಿದವು. ಅವುಗಳ ಬೊಡ್ಡೆಯನ್ನು ಕಾಕಾ ಇನ್ನೂ ಕಿತ್ತಿಲ್ಲ. ನೀರು ಹಾಯಿಸುವಾಗ ಅವುಗಳ ಪಾತಿಯನ್ನೂ ತೇವ ಮಾಡಿ ಮುಂದೆ ಹೋಗುತ್ತಾನೆ. ಚಿಗುರಬಹುದೇ ಎಂದು ನಾನು ಕೇಳಲಿಲ್ಲ.

ಈ ವರ್ಷ ಜೋಳ ಬಂದಿದೆ. ಮಷೀನು ಕಣಕ್ಕೆ ಬಂದು ಮಧ್ಯಾಹ್ನದೊಳಗೆ ರಾಶಿ ಮಾಡಿ ಹೋಯಿತು. ಬಿಳಿ ಕಾಳಿನ ಗುಡ್ಡೆಯ ಮೇಲೆ ಸಂಜೆಯ ಕೆಂಪು ಬಿದ್ದಿದೆ. ಮೊದಲ ಐದು ಸೇರು ದೇವರ ಪಾಲು, ಅದನ್ನು ಅಳೆಯುವುದು ಮುತ್ಯಾನೇ. ಟೋಪಿ ತೆಗೆದಿಟ್ಟು, ಪೂರ್ವಕ್ಕೆ ಮುಖ ಮಾಡಿ ಮಂಡಿಯೂರಿ ಕುಳಿತ. ಸೇರಿನ ಮೇಲೆ ಕಾಳು ಗೋಪುರವಾಗುವಂತೆ ತುಂಬಿ ಚೀಲಕ್ಕೆ ಸುರುವಿದ.

“ಲಾಭ.”

ಮೊಮ್ಮಗಳು ಚೀಲದ ಬಾಯಿ ಹಿಡಿದಿದ್ದಳು. ಯಾರೂ ಮಾತಾಡಲಿಲ್ಲ.

“ಎರಡ.”

ಅಷ್ಟರಲ್ಲಿ ಬೇವಿನ ಗಿಡದಲ್ಲಿ ಬಲ್ಬು ಹತ್ತಿತು. ಕಾಕಾ ರಾಶಿಗೆ ಕೈಮುಗಿದು, ಸದ್ದಾಗದಂತೆ ಎದ್ದು, ಗೋಡೆಗೆ ಆನಿಸಿದ್ದ ಸಲಿಕೆ ತೆಗೆದುಕೊಂಡು ತೋಟದ ಕಡೆ ನಡೆದ.

“ಮೂರ.”