ಮುಧೋಳ ಮರಿ ತರುವ ಮುನ್ನ

ಮೊದಲ ಸಂಬಳ ಬಂದೊಡನೆ ಮುಧೋಳ ಮರಿ ತರಬೇಕು ಎನ್ನುವವರು ನಮ್ಮ ವಯಸ್ಸಿನಲ್ಲಿ ಬಹಳ ಮಂದಿ. ರೀಲ್ಸ್‌ನಲ್ಲಿ ಆ ಓಟ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ, ಬಿಡಿ.

ಬೇಟೆನಾಯಿಗಳೆಲ್ಲ ಒಂದೇ ಅಲ್ಲ. ಬೀಗಲ್‌ನಂಥವು ವಾಸನೆ ಹಿಡಿದು ಹೋಗುತ್ತವೆ. ಮುಧೋಳ ಕಣ್ಣಿಂದ ಬೇಟೆಯಾಡುವ ತಳಿ. ಉದ್ದ ಮೂತಿ, ಆಳವಾದ ಎದೆ, ಒಳಗೆ ಸೇದಿದ ಹೊಟ್ಟೆ, ಎಲ್ಲವೂ ಓಟಕ್ಕಾಗಿಯೇ. ದೂರದಲ್ಲಿ ಬೆಕ್ಕು ಅಲುಗಿದರೂ ಸಾಕು, ನೀವು ಕೂಗಿದ್ದು ಅದಕ್ಕೆ ಕೇಳಿಸುವುದಿಲ್ಲ. ಬಾಗಲಕೋಟೆ ಕಡೆಯ ಬಯಲು ಹೊಲದಲ್ಲಿ ಅದು ಚೆಂದ. ಬೆಂಗಳೂರಿನ ರಿಂಗ್ ರಸ್ತೆಯ ಪಕ್ಕ ಚೈನು ಕೈತಪ್ಪಿದರೆ?

ಬೇಟೆಗೇ ಬೇಕೆನ್ನುವವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನೆನಪಿಡಿ. ನಾಯಿ ಬಿಟ್ಟು ಮೊಲ ಹಿಡಿಸಿದರೂ ಅಪರಾಧವೇ. ಈ ತಳಿಗೆ ಬೇರೆ ಕೆಲಸ ಬರುವುದಿಲ್ಲ ಎಂದಲ್ಲ. 2016ರಲ್ಲಿ ಸೇನೆಯೇ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿದೆ. ಅಲ್ಲಿ ದಿನವಿಡೀ ಜೊತೆಗಿರುವ ತರಬೇತುದಾರರಿರುತ್ತಾರೆ. ನಾವೋ ಬೆಳಿಗ್ಗೆ ಎಂಟಕ್ಕೆ ಬಾಗಿಲು ಹಾಕಿದರೆ ತೆರೆಯುವುದು ರಾತ್ರಿ.

ಇನ್ನೊಂದು ಲೆಕ್ಕ. ನಾಯಿ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಅಷ್ಟರಲ್ಲಿ ನಮ್ಮ ಕೆಲಸ ಪುಣೆಗೋ ಹೈದರಾಬಾದಿಗೋ ಬದಲಾಗಬಹುದು, ಮನೆ ಮಾಲೀಕರಂತೂ ಬದಲಾಗಿಯೇ ಆಗುತ್ತಾರೆ. ಪಿಜಿಯಲ್ಲಿರುವ ಗೆಳೆಯನಿಗೆ ನಾನು ಸದ್ಯಕ್ಕೆ ಬೇಡ ಎಂದೇ ಹೇಳಿದ್ದೇನೆ.

ಊರಲ್ಲಿ ಹೊಲವಿದ್ದು, ನೋಡಿಕೊಳ್ಳುವ ಮನೆಮಂದಿಯೂ ಇದ್ದರೆ ಮಾತು ಬೇರೆ. ಮುಧೋಳದ ಬಳಿ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮೊದಲು ಅಲ್ಲಿ ವಿಚಾರಿಸಿ. ಬೇರೆಡೆ ಕೊಳ್ಳುವುದಾದರೆ ಫೋಟೊ ನೋಡಿ ಮುಂಗಡ ಕಳಿಸಬೇಡಿ. ಹೋಗಿ ತಾಯಿ ನಾಯಿಯನ್ನು ಕಣ್ಣಾರೆ ನೋಡಿ, ಲಸಿಕೆಯ ಚೀಟಿ ಕೇಳಿ.